ಬಚ್ಚಲ ಒಲೆಯ ಹೊಗೆ ಯಾವ ಲೆಕ್ಕಕ್ಕೆ?

ಶಿವಮೊಗ್ಗದ ವಿನೋಬನಗರದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಅಳೆಯುವ ಕೇಂದ್ರವೊಂದಿದೆ. ಗಾಳಿಯಲ್ಲಿ ಎಷ್ಟು ಸೂಕ್ಷ್ಮ ದೂಳಿದೆ ಎಂಬುದನ್ನು ಅದು ಅಳೆದು ಹೇಳುತ್ತದೆ. ಬೇಕಾದವರು ಮೊಬೈಲಿನಲ್ಲೇ ನೋಡಿಕೊಳ್ಳಬಹುದು. ದೆಹಲಿಯ ಅಂಕಿಗಳ ಪಕ್ಕದಲ್ಲಿಟ್ಟರೆ ನಮ್ಮದು ನೆಮ್ಮದಿ ಕೊಡುವ ಅಂಕಿ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ನಮ್ಮ ಪಕ್ಕದ ದಾವಣಗೆರೆ. ಶಿವಮೊಗ್ಗ ಇಲ್ಲ, ಮಲೆನಾಡಿನ ಬೇರೆ ಯಾವ ಊರೂ ಇಲ್ಲ. ಹೀಗಾಗಿ ವಾಯುಮಾಲಿನ್ಯವೆಂದರೆ ದೊಡ್ಡ ಊರಿನವರ ಪಾಡು, ಕಾಡಿನ ನಡುವೆ ಇರುವ ನಮಗೇನು ಎಂಬ ಭಾವನೆ ಗಟ್ಟಿಯಾಗಿ ಕೂತಿದೆ.

ಮೊದಲಿಗೆ ಅಳತೆಗೋಲನ್ನೇ ನೋಡಬೇಕು. ಪಿಎಂ 2.5 ಎಂದು ಕರೆಯುವ, ಎರಡೂವರೆ ಮೈಕ್ರಾನ್‌ಗಿಂತ ಸಣ್ಣದಾದ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ರಕ್ತವನ್ನೂ ಸೇರಬಲ್ಲವು. ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಘನ ಮೀಟರ್ ಗಾಳಿಯಲ್ಲಿ ಈ ಕಣಗಳ ವಾರ್ಷಿಕ ಸರಾಸರಿ 40 ಮೈಕ್ರೊಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಿತಿ 5. ಎಂಟು ಪಟ್ಟು ಅಂತರ. ನಮ್ಮ ಸರ್ಕಾರದ ಪಟ್ಟಿಯಲ್ಲಿ 'ತೃಪ್ತಿಕರ' ಎಂದು ಹಸಿರು ಬಣ್ಣದಲ್ಲಿ ಕಾಣುವ ದಿನ ಆ ಸಂಸ್ಥೆಯ ಲೆಕ್ಕದಲ್ಲಿ ತೃಪ್ತಿಕರವಾಗಿರಬೇಕೆಂದೇನಿಲ್ಲ.

ಆದರೆ ನನ್ನ ತಕರಾರು ಅಂಕಿಗಿಂತ ಹೆಚ್ಚಾಗಿ ಯಂತ್ರ ನಿಂತಿರುವ ಜಾಗದ ಬಗ್ಗೆ. ಅದು ಅಳೆಯುವುದು ಹೊರಗಿನ ಗಾಳಿಯನ್ನು, ಅದೂ ನಗರದ ಗಾಳಿಯನ್ನು. ಜುಲೈ ತಿಂಗಳಲ್ಲಿ ಮಳೆ ಹಿಡಿದಾಗ ಅದರ ಅಂಕಿ ಕೆಳಗಿಳಿಯುತ್ತದೆ, ಏಕೆಂದರೆ ದೂಳನ್ನೆಲ್ಲ ಮಳೆ ತೊಳೆದುಬಿಡುತ್ತದೆ. ಅದೇ ಜುಲೈಯಲ್ಲಿ ಹೊಸನಗರದ ಕಡೆಯ ಒಂದು ಮನೆಯಲ್ಲಿ ಇರುಚಲು ಹೊಡೆಯುತ್ತದೆಂದು ಕಿಟಕಿ ಬಾಗಿಲು ಮುಚ್ಚಿರುತ್ತವೆ. ಸೌದೆ ಕೊಟ್ಟಿಗೆಯಲ್ಲಿದ್ದರೂ ಥಂಡಿ ಹಿಡಿದಿರುತ್ತದೆ. ಸ್ನಾನದ ನೀರು ಕಾಯಿಸುವ ಬಚ್ಚಲ ಒಲೆ ಹೊತ್ತದೆ ಹೊಗೆಯಾಡುತ್ತದೆ. ಹೊತ್ತಿಸಲು ಹಾಲಿನ ಪ್ಯಾಕೆಟ್ಟು, ಹಳೆಯ ಚಪ್ಪಲಿ, ಗೊಬ್ಬರದ ಚೀಲದ ತುಂಡು ಒಲೆಗೆ ಬೀಳುತ್ತವೆ. ಹೊರಗಿನ ಗಾಳಿ ವರ್ಷದಲ್ಲೇ ಅತ್ಯಂತ ಶುದ್ಧವಾಗಿರುವ ತಿಂಗಳು, ಮನೆಯೊಳಗಿನ ಗಾಳಿ ಅತ್ಯಂತ ಕೆಟ್ಟದಾಗಿರುವ ತಿಂಗಳೂ ಆಗಿರುತ್ತದೆ. ಸೌದೆ ಒಲೆಯ ಪಕ್ಕದಲ್ಲಿ ಪಿಎಂ 2.5 ನೂರಾರು ಮೈಕ್ರೊಗ್ರಾಂಗೆ ಏರುವುದು ಸಾಮಾನ್ಯ. ಪ್ಲಾಸ್ಟಿಕ್ ಸೇರಿದರೆ ಅದಕ್ಕೆ ಡಯಾಕ್ಸಿನ್‌ನಂಥ ವಿಷಗಳೂ ಕೂಡಿಕೊಳ್ಳುತ್ತವೆ. ಕಸದ ಗಾಡಿ ಬಾರದ ಒಂಟಿ ಮನೆಗಳ ಮಲೆನಾಡಿನಲ್ಲಿ ಬಚ್ಚಲ ಒಲೆಯೇ ಕಸ ವಿಲೇವಾರಿ ಘಟಕವೂ ಆಗಿಬಿಟ್ಟಿದೆ.

ಒಲೆಯ ಹೊಗೆಯಿಂದ ಜನ ಸಾಯುತ್ತಾರೆಯೇ ಎಂದು ಕೇಳುವವರಿದ್ದಾರೆ. ಅಜ್ಜಿ ತೊಂಬತ್ತು ವರ್ಷ ಬದುಕಿದ್ದಳಲ್ಲ ಎಂಬ ವಾದವೂ ಬರುತ್ತದೆ. 2020ರ ಕೊನೆಯಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ 2019ರಲ್ಲಿ ಭಾರತದಲ್ಲಿ ವಾಯುಮಾಲಿನ್ಯಕ್ಕೆ ಸಂಬಂಧಿಸಿದ ಸಾವುಗಳು ಸುಮಾರು 16.7 ಲಕ್ಷ. ಅದರಲ್ಲಿ ಮನೆಯೊಳಗಿನ ಹೊಗೆಯ ಪಾಲು ಸುಮಾರು 6 ಲಕ್ಷ. 1990ಕ್ಕೆ ಹೋಲಿಸಿದರೆ ಮನೆಯೊಳಗಿನ ಹೊಗೆಯಿಂದಾಗುವ ಸಾವಿನ ಪ್ರಮಾಣ ಅರ್ಧಕ್ಕಿಂತ ಹೆಚ್ಚು ತಗ್ಗಿದೆ ಎಂದೂ ಅದೇ ಅಧ್ಯಯನ ಹೇಳಿತು. ಇಲ್ಲಿ ಸಾವೆಂದರೆ ಹೊಗೆ ಕುಡಿದು ಉಸಿರುಗಟ್ಟಿ ಬಿದ್ದದ್ದಲ್ಲ. ಬೀಡಿ ಮುಟ್ಟದ ಹೆಂಗಸಿಗೆ ಅರವತ್ತರಲ್ಲಿ ದಮ್ಮು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಹೃದಯಾಘಾತ, ಪಾರ್ಶ್ವವಾಯು, ಮಗುವಿನ ನ್ಯುಮೋನಿಯಾ ಇವೆಲ್ಲ ಆ ಲೆಕ್ಕದಲ್ಲಿವೆ. ಮರಣಪತ್ರದಲ್ಲಿ ಒಲೆಯ ಹೆಸರು ಇರುವುದಿಲ್ಲ.

ಸಾವು ತಗ್ಗಲು ಮುಖ್ಯ ಕಾರಣ ಅಡುಗೆ ಅನಿಲ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ 10 ಕೋಟಿಗೂ ಹೆಚ್ಚು ಸಂಪರ್ಕಗಳಾಗಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇ 80ರಷ್ಟು ಮನೆಗಳು ಶುದ್ಧ ಇಂಧನ ಬಳಸುತ್ತವೆ ಎಂದು ದಾಖಲಾಯಿತು. ದೇಶದ ಸರಾಸರಿ ಶೇ 59ರ ಹತ್ತಿರ. ಹೆಮ್ಮೆಪಡಬಹುದಾದ ಅಂಕಿಯೇ. ಆದರೆ ಸಮೀಕ್ಷೆಯವರು ಕೇಳುವ ಪ್ರಶ್ನೆ ಒಂದೇ: ನಿಮ್ಮ ಮನೆಯಲ್ಲಿ ಅಡುಗೆಗೆ ಮುಖ್ಯವಾಗಿ ಯಾವ ಇಂಧನ ಬಳಸುತ್ತೀರಿ? 2011ರ ಜನಗಣತಿಯಲ್ಲೂ ಕೇಳಿದ್ದು ಅಡುಗೆಯ ಇಂಧನವನ್ನೇ. ತೀರ್ಥಹಳ್ಳಿಯ ಒಬ್ಬ ಗೃಹಿಣಿ ಇದಕ್ಕೆ 'ಗ್ಯಾಸು' ಎಂದರೆ ಅದು ಅಪ್ಪಟ ಸತ್ಯ. ಮನೆಯ ಹಿಂಬದಿಯ ಬಚ್ಚಲಲ್ಲಿ ಹಂಡೆಯ ಕೆಳಗೆ ಬೆಳಿಗ್ಗೆ ಸಂಜೆ ಉರಿಯುವ ಸೌದೆಯ ಬಗ್ಗೆ ಅವಳನ್ನು ಯಾರೂ ಕೇಳಲಿಲ್ಲ.

ಮಲೆನಾಡಿನಲ್ಲಿ ಬೆಂಕಿ ಅಡುಗೆಮನೆಯಿಂದ ಹೊರಟಿದೆ ನಿಜ. ಮನೆಯಿಂದ ಹೊರಟಿಲ್ಲ, ಬಚ್ಚಲಿಗೆ, ಅಲ್ಲಿಂದ ಅಡಿಕೆ ಬೇಯಿಸುವ ಒಲೆಗೆ ಸರಿದಿದೆ. ಸರ್ಕಾರದ ಕಣ್ಣು ಮಾತ್ರ ಇನ್ನೂ ಅಡುಗೆಮನೆಯಲ್ಲೇ ಇದೆ.

ಬಿಸಿನೀರಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಎಲ್ಲ ಗಂಟೂ ಅಲ್ಲೇ ಇದೆ. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಬೇಕಾಗುವ ಶಾಖ ಸುಮಾರು 2.9 ಯೂನಿಟ್ ವಿದ್ಯುತ್ತಿಗೆ ಸಮ. ನಾಲ್ಕೈದು ಜನರ ಮನೆಗೆ ಮಲೆನಾಡಿನ ಚಳಿಯಲ್ಲಿ ದಿನಕ್ಕೆ ಇಷ್ಟು ಬಿಸಿನೀರು ಹೆಚ್ಚೇನಲ್ಲ. ಒಣ ಸೌದೆಯ ಒಂದು ಕಿಲೋದಲ್ಲಿ ನಾಲ್ಕು ಯೂನಿಟ್‌ನಷ್ಟು ಶಾಖವಿದ್ದರೂ ಸಾಮಾನ್ಯ ಒಲೆಯಲ್ಲಿ ಅದರ ಹೆಚ್ಚಿನ ಪಾಲು ಗೋಡೆಗೂ ಗಾಳಿಗೂ ಹೋಗುತ್ತದೆ. ಶೇ 15ರಷ್ಟು ನೀರಿಗೆ ಸೇರಿತೆಂದು ಹಿಡಿದರೂ ದಿನಕ್ಕೆ ಐದು ಕಿಲೋದ ಹತ್ತಿರ, ವರ್ಷಕ್ಕೆ ಒಂದೂವರೆ ಟನ್ನಿನ ಮೇಲೆ ಸೌದೆ ಬೇಕು. ಗ್ಯಾಸ್ ಗೀಸರ್ ಹಾಕಿದರೆ 14.2 ಕಿಲೋದ ಸಿಲಿಂಡರ್ ಸ್ನಾನಕ್ಕೇ ಐವತ್ತು ದಿನದಲ್ಲಿ ಮುಗಿಯುತ್ತದೆ. ಉಜ್ವಲಾ ಫಲಾನುಭವಿಗಳು ಅಡುಗೆಗೇ ವರ್ಷಕ್ಕೆ ಸರಾಸರಿ ನಾಲ್ಕು ಚಿಲ್ಲರೆ ಸಿಲಿಂಡರ್ ತುಂಬಿಸಿಕೊಳ್ಳುತ್ತಿರುವಾಗ ಸ್ನಾನಕ್ಕೆ ಬೇರೆ ಏಳು ಸಿಲಿಂಡರ್ ಎಲ್ಲಿಂದ ತರಬೇಕು? (ಗ್ಯಾಸ್ ಗೀಸರನ್ನು ಗಾಳಿಯಾಡದ ಬಚ್ಚಲೊಳಗೇ ಕೂರಿಸಿ, ಕಾರ್ಬನ್ ಮಾನಾಕ್ಸೈಡ್‌ನಿಂದ ಜೀವ ಕಳೆದುಕೊಂಡವರ ಸುದ್ದಿಯನ್ನು ಚಳಿಗಾಲದ ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಹೊಗೆ ಕಾಣುವುದಿಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ.)

ಉಳಿದದ್ದು ವಿದ್ಯುತ್. ತಿಂಗಳಿಗೆ 87 ಯೂನಿಟ್. ಇಲ್ಲಿ ಗೃಹಜ್ಯೋತಿ ಯೋಜನೆಯ ಒಂದು ನಿಯಮ ಅಡ್ಡ ಬರುತ್ತದೆ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂದು ಹೇಳುತ್ತಾರಾದರೂ ಎಲ್ಲರಿಗೂ 200 ಸಿಗುವುದಿಲ್ಲ. ಪ್ರತಿ ಮನೆಯ ಪಾಲು 2022-23ರಲ್ಲಿ ಆ ಮನೆ ಬಳಸಿದ ಸರಾಸರಿಯ ಮೇಲೆ ಶೇ 10 ಅಷ್ಟೆ. ತೀರಾ ಕಡಿಮೆ ಬಳಸುವವರಿಗೆ, ಅಂದರೆ 48 ಯೂನಿಟ್‌ಗಿಂತ ಕೆಳಗಿನವರಿಗೆ, 2024ರ ಆರಂಭದಲ್ಲಿ ಶೇ 10ರ ಬದಲು 10 ಯೂನಿಟ್ ಎಂದು ತಿದ್ದಿದರು. ಆಗಲೇ ಗೀಸರ್ ಇದ್ದು 180 ಯೂನಿಟ್ ಬಳಸುತ್ತಿದ್ದ ಪೇಟೆಯ ಮನೆಗೆ 198 ಯೂನಿಟ್ ಉಚಿತ. ಸೌದೆಯಲ್ಲಿ ನೀರು ಕಾಯಿಸಿಕೊಂಡು 60 ಯೂನಿಟ್‌ನಲ್ಲಿ ಮುಗಿಸುತ್ತಿದ್ದ ಹಳ್ಳಿಯ ಮನೆಗೆ 66. ಈ ಮನೆಯವರು ಇಂದು ಗೀಸರ್ ಹಾಕಿಸಿದರೆ ಹೆಚ್ಚುವರಿ ಯೂನಿಟ್‌ಗೆಲ್ಲ ದುಡ್ಡು ಕಟ್ಟಬೇಕು. ತಿಂಗಳಿಗೆ ಐನೂರು ರೂಪಾಯಿಯ ಆಸುಪಾಸು. ಪೇಟೆಯವರ ಬಿಸಿನೀರು ಪುಕ್ಕಟೆ, ಹಳ್ಳಿಯವರ ಹೊಗೆ ಪುಕ್ಕಟೆ. ಯೋಜನೆ ಮಾಡಿದವರಿಗೆ ಹೀಗೆ ಮಾಡುವ ಉದ್ದೇಶವಿರಲಿಲ್ಲ ಎಂದು ನಂಬುತ್ತೇನೆ. ಹಳೆಯ ಬಿಲ್ಲನ್ನು ಹೊಸ ಹಕ್ಕಿಗೆ ಆಧಾರ ಮಾಡಿದಾಗ ಆಗುವುದೇ ಇದು: ಹಿಂದೆ ಯಾರಿಗೆ ಇರಲಿಲ್ಲವೋ ಅವರಿಗೆ ಮುಂದೆಯೂ ಇಲ್ಲ.

ಇದರ ಜೊತೆಗೆ ಲೈನಿನ ಕಥೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಕಾಡಂಚಿನ ಊರುಗಳಿಗೆ ದಿನಗಟ್ಟಲೆ ಕರೆಂಟಿಲ್ಲ. ಶರಾವತಿಯ ಹಿನ್ನೀರಿನ ದಡದ ಮನೆಗಳೂ ಇದಕ್ಕೆ ಹೊರತಲ್ಲ. ಜೋಗದ ನೀರಿನಿಂದ 1948ರಿಂದ ವಿದ್ಯುತ್ ಬರುತ್ತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್‌ಗೆ ಬೆಳೆಯಿತು. ಆ ನೀರಿಗೆ ಮನೆ ಗದ್ದೆ ಬಿಟ್ಟುಕೊಟ್ಟು ಬಂದ ಸಂತ್ರಸ್ತರ ಭೂಮಿಯ ಹಕ್ಕಿನ ತಗಾದೆ ಇಂದಿಗೂ ಮುಗಿದಿಲ್ಲ. ಹಕ್ಕುಪತ್ರವಿಲ್ಲದವನಿಗೆ ಸಹಾಯಧನದ ಅರ್ಜಿಯಲ್ಲಿ ತುಂಬಲು ಸರ್ವೆ ನಂಬರೇ ಇರುವುದಿಲ್ಲ. ಅವನ ಮನೆಯ ಒಲೆಗೆ ಸೌದೆ ಕಾಡಿನಿಂದಲೇ ಬರಬೇಕು.

ಕಾಡಿನಿಂದ ಸೌದೆ ತರುವುದಕ್ಕೆ ನಮ್ಮಲ್ಲಿ ಇನ್ನೊಂದು ಬೆಲೆಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಅದರ ಕಾಲ ಡಿಸೆಂಬರ್‌ನಿಂದ ಮೇ. ದರಗು (ಉದುರಿದ ಒಣ ಎಲೆ) ಗುಡಿಸುವ, ಮಳೆಗಾಲಕ್ಕೆ ಸೌದೆ ಕೂಡಿಡುವ ಕಾಲವೂ ಅದೇ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ರೋಗ ಸಿಡಿದು ಹಲವರು ತೀರಿಕೊಂಡರು. ಅಲ್ಲಿಂದ ಜೋಗ ಕೂಗಳತೆಯಲ್ಲದಿದ್ದರೂ ದೂರವೇನಲ್ಲ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಅದರ ಬಳಕೆ ನಿಂತಿತು. ಆರೋಗ್ಯ ಇಲಾಖೆ ಪ್ರತಿ ವರ್ಷ ಮೈಗೆ ಹಚ್ಚಿಕೊಳ್ಳುವ ಡೀಪಾ ತೈಲ ಹಂಚಿ, ಕಾಡಿಗೆ ಹೋಗಬೇಡಿ ಎಂದು ಸಾರುತ್ತದೆ. ಹೋಗದಿದ್ದರೆ ಬಚ್ಚಲ ಒಲೆಗೆ ಏನು ಇಡಬೇಕು ಎಂಬುದು ಆರೋಗ್ಯ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಇಂಧನ ಇಲಾಖೆಗೆ ಉಣುಗು ಗೊತ್ತಿಲ್ಲ. ಮಂಗನ ಕಾಯಿಲೆ ಕಾಣಿಸಿಕೊಂಡ ಊರುಗಳಲ್ಲಿ ಬಿಸಿನೀರಿಗೆ ಸೋಲಾರ್ ಅಥವಾ ವಿದ್ಯುತ್ ಒದಗಿಸುವುದನ್ನು ರೋಗ ನಿಯಂತ್ರಣದ ಖರ್ಚೆಂದೇ ಬರೆಯಬಹುದು. ಅಡಿಕೆ ತೋಟಕ್ಕೆ ದರಗು ಬೇಕೇ ಬೇಕು, ಹಾಗಾಗಿ ಕಾಡಿನ ಓಡಾಟ ಪೂರ್ತಿ ನಿಲ್ಲುವುದಿಲ್ಲ. ಕಡಿಮೆಯಾದರೂ ಆಗುತ್ತದೆ.

ಈ ಜಿಲ್ಲೆಗೆ ಬೆಂಕಿಯಿಂದ ವಿದ್ಯುತ್ತಿಗೆ ಬದಲಾಗುವುದು ಹೊಸ ಪಾಠವೇನಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದರ ಕುಲುಮೆಗೆ ಕಲ್ಲಿದ್ದಲು ಇರಲಿಲ್ಲ. ಸುತ್ತಲಿನ ಕಾಡಿನ ಮರವನ್ನು ಸುಟ್ಟು ಮಾಡಿದ ಇದ್ದಿಲಿನಲ್ಲಿ ಅದಿರು ಕರಗಿಸಿದರು. ಜೋಗದ ವಿದ್ಯುತ್ ಬಂದ ಮೇಲೆ, 1950ರ ದಶಕದಲ್ಲಿ, ಅಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಕಬ್ಬಿಣ ಕರಗಿಸಲು ವಿದ್ಯುತ್ ಬಂದು ಏಳು ದಶಕವಾಯಿತು, ಸ್ನಾನದ ನೀರು ಕಾಯಿಸಲು ಇನ್ನೂ ಬಂದಿಲ್ಲ.

ಈಗ ಅದೇ ಶರಾವತಿಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ಮುಂದಿಟ್ಟಿದೆ. ಹಗಲು ಸೌರ ವಿದ್ಯುತ್ ಹೆಚ್ಚಾದಾಗ ನೀರನ್ನು ಮೇಲಕ್ಕೆತ್ತಿ, ಸಂಜೆ ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು ಇದರ ತಿರುಳು. ಎತ್ತಲು ಹೋಗುವ ವಿದ್ಯುತ್ ಮರಳಿ ಬರುವುದಕ್ಕಿಂತ ಹೆಚ್ಚು. ಒಟ್ಟಿನಲ್ಲಿ ಇದು ಉತ್ಪಾದನೆಯಲ್ಲ, ದಾಸ್ತಾನು. ಜಾಗ ಸಿಂಗಳೀಕಗಳ ಅಭಯಾರಣ್ಯವಾದ್ದರಿಂದ ಪರಿಸರವಾದಿಗಳ, ಕಣಿವೆಯ ಜನರ ವಿರೋಧ ಸಹಜವಾಗಿಯೇ ಇದೆ. ಅದರ ಪರ ವಿರೋಧಕ್ಕೆ ಇನ್ನೊಂದು ಲೇಖನ ಬೇಕು. ಇಲ್ಲಿಗೆ ಬೇಕಾದ ಒಂದು ಮಾತು ಇಷ್ಟು: ಮಧ್ಯಾಹ್ನದ ಬಿಸಿಲಿನ ವಿದ್ಯುತ್ತನ್ನು ಕೂಡಿಡಲು ಬಿಸಿನೀರಿನ ಟ್ಯಾಂಕೂ ಒಂದು ದಾರಿ. ಶಾಖ ಸೋರದಂತೆ ಕವಚವಿರುವ ಟ್ಯಾಂಕಿನಲ್ಲಿ ಮಧ್ಯಾಹ್ನ ಕಾಯಿಸಿದ ನೀರು ಸಂಜೆಗೂ ಬಿಸಿಯಾಗಿರುತ್ತದೆ. ಎರಡು ಕಿಲೋವಾಟ್‌ನ ಗೀಸರ್ ಹತ್ತು ಲಕ್ಷ ಮನೆಗಳಲ್ಲಿ ಮಧ್ಯಾಹ್ನ ಒಟ್ಟಿಗೆ ಉರಿದರೆ ಹೀರಿಕೊಳ್ಳುವುದು ಅದೇ 2,000 ಮೆಗಾವಾಟ್. ಟ್ಯಾಂಕಿನಿಂದ ವಿದ್ಯುತ್ ವಾಪಸು ತೆಗೆಯಲಾಗದು, ಸಂಜೆಯ ದೀಪಕ್ಕೆ ಅದು ಒದಗದು, ಒಪ್ಪುತ್ತೇನೆ. ಆದರೆ ಇದಕ್ಕೆ ಒಂದು ಮರವನ್ನೂ ಕಡಿಯಬೇಕಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೇರೆ ದರ, ಹಳ್ಳಿಯ ಮನೆಗೆ ಬಿಸಿನೀರಿನ ಪಾಲೆಂದು ಗೃಹಜ್ಯೋತಿಯಲ್ಲಿ ಪ್ರತ್ಯೇಕ ಯೂನಿಟ್, ಇವೆರಡನ್ನು ಜೋಡಿಸಿದ ಆದೇಶವೊಂದು ಸಾಕು.

ಮಳೆಗಾಲದಲ್ಲಿ ಕರೆಂಟು ಕೈಕೊಡುವುದರಿಂದ ಒಲೆಯನ್ನು ಕಿತ್ತೆಸೆಯಿರಿ ಎಂದು ಯಾರೂ ಹೇಳಬಾರದು. ಒಲೆ ಇರಲಿ, ಹೊಗೆ ಹೊರಗೆ ಹೋಗಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಹುಟ್ಟಿದ, ಹಳ್ಳಿಗೆ ಬೇಕಾದ ತಂತ್ರಜ್ಞಾನದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಮಲೆನಾಡಿಗೆ ಚೆನ್ನಾಗಿ ಪರಿಚಿತ. ಕಡಿಮೆ ಸೌದೆ, ಹೊಗೆ ಕೊಳವೆಯಲ್ಲಿ ಹೊರಕ್ಕೆ. ಆದರೆ ಕೊಳವೆಗೆ ಮಸಿ ಕಟ್ಟಿದಾಗ ತೆಗೆಯುವವರಿಲ್ಲದೆ, ಬಿರುಕು ಬಿಟ್ಟಾಗ ಮೆತ್ತುವ ಕೈ ಗೊತ್ತಿಲ್ಲದೆ ಅನೇಕ ಕಡೆ ಅದು ಮತ್ತೆ ಹಳೆಯ ಒಲೆಯೇ ಆಯಿತು. ಗೋಬರ್ ಗ್ಯಾಸಿನದು ಇನ್ನೂ ಬೇಸರದ ಕಥೆ. ಪಕ್ಕದ ಶಿರಸಿಯಲ್ಲಿ ಅದು ದೇಶಕ್ಕೇ ಮಾದರಿಯಾಗುವಂತೆ ನಡೆದದ್ದನ್ನು ವಿಜ್ಞಾನಿಗಳೇ ದಾಖಲಿಸಿದ್ದಾರೆ. ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ ಐವತ್ತು ಕಿಲೋ ಸಗಣಿ ಬೇಕು. ಕೊಟ್ಟಿಗೆಯಲ್ಲಿ ಒಂದೋ ಎರಡೋ ಮಲೆನಾಡು ಗಿಡ್ಡ ತಳಿಯ ಹಸು ಉಳಿದ ಮನೆಯಲ್ಲಿ, ಮಗ ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಎಪ್ಪತ್ತು ದಾಟಿದವರು, ಅಷ್ಟು ಸಗಣಿ ಎಲ್ಲಿದೆ, ಕಲಸುವವರು ಯಾರು? ಸೋಲಾರ್ ಹೀಟರ್ ಅಕ್ಟೋಬರ್‌ನಿಂದ ಮೇ ತನಕ ಚೆನ್ನ. ಆಗುಂಬೆಯ ಜುಲೈಯಲ್ಲಿ ಅದು ಮಳೆನೀರು ಹಿಡಿಯುವ ಪಾತ್ರೆಯಷ್ಟೆ.

ಇಷ್ಟೆಲ್ಲ ಬದಲಾಯಿಸಿದರೆ ಆರೋಗ್ಯ ತಕ್ಷಣ ಸುಧಾರಿಸುತ್ತದೆಯೇ ಎಂದರೆ ವಿಜ್ಞಾನದ ಉತ್ತರ ಹುಷಾರಿನದು. ತಮಿಳುನಾಡು ಸೇರಿದಂತೆ ನಾಲ್ಕು ದೇಶಗಳ ಪ್ರದೇಶಗಳಲ್ಲಿ 3,200 ಗರ್ಭಿಣಿಯರನ್ನು ಒಳಗೊಂಡ ದೊಡ್ಡ ಪ್ರಯೋಗವೊಂದರಲ್ಲಿ ಅರ್ಧದಷ್ಟು ಮನೆಗಳಿಗೆ ಗ್ಯಾಸ್ ಒಲೆ, ಉಚಿತ ಅನಿಲ ಕೊಟ್ಟರು. ಆ ಮಹಿಳೆಯರು ಉಸಿರಾಡುವ ಪಿಎಂ 2.5 ಸುಮಾರು 70ರ ಬದಲು 24 ಮೈಕ್ರೊಗ್ರಾಂ ಆಗಿತ್ತು. ಆದರೆ 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹುಟ್ಟಿದ ಮಕ್ಕಳ ತೂಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಒಲೆ ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಜಾಹೀರಾತು ಮಾಡುವವರು ಇದನ್ನು ಓದಿಕೊಳ್ಳಬೇಕು. ಇಪ್ಪತ್ತು ವರ್ಷ ಕುಡಿದ ಹೊಗೆಯನ್ನು ಆರು ತಿಂಗಳ ಗ್ಯಾಸು ಅಳಿಸಲಾರದು ಎಂಬುದು ಒಂದು ವಿವರಣೆ. ಸುತ್ತಲಿನ ಮನೆಗಳ ಹೊಗೆ ಹಾಗೇ ಇದ್ದರೆ ಒಂದು ಮನೆಯ ಗ್ಯಾಸಿನಿಂದ ಪೂರ್ತಿ ಪ್ರಯೋಜನ ಸಿಗದು ಎಂಬುದು ಇನ್ನೊಂದು. ಎರಡನೆಯದು ನಿಜವಾದರೆ ಊರಿಗೆ ಊರೇ ಒಟ್ಟಿಗೆ ಬದಲಾಗಬೇಕಾಗುತ್ತದೆ.

ಆಗ ಅಡಿಕೆಯನ್ನು ಬಿಟ್ಟು ಮಾತಾಡುವಂತಿಲ್ಲ. ದೀಪಾವಳಿಯ ಆಸುಪಾಸಿನಿಂದ ಸಂಕ್ರಾಂತಿ ದಾಟುವ ತನಕ ಕೊಯ್ಲು, ಸುಲಿತ, ಬೇಯಿಸುವುದು. ಚಳಿಗಾಲದ ರಾತ್ರಿ ಕಣಿವೆಯಲ್ಲಿ ತಣ್ಣನೆಯ ಗಾಳಿ ತಳದಲ್ಲಿ ನಿಂತುಬಿಡುತ್ತದೆ. ಮೇಲೆ ಬೆಚ್ಚಗಿನ ಗಾಳಿಯ ಪದರವಿರುವುದರಿಂದ ಹೊಗೆ ಏರದೆ ತೋಟದ ಮೇಲೆ ಹಾಸಿಕೊಳ್ಳುತ್ತದೆ. ಅಡಿಕೆ ಬೇಯುವುದು ಅದೇ ದಿನಗಳಲ್ಲಿ. ಹಿಂದೆ ಒಂದೊಂದು ಮನೆಯ ಅಂಗಳದಲ್ಲಿ ಒಂದೊಂದು ಹಂಡೆ ಇದ್ದದ್ದು ಈಗ ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿದಾರರ, ಅಡಿಕೆ ಬೇಯಿಸಿ ಒಣಗಿಸುವ ದೊಡ್ಡ ಕಣಗಳಾಗಿ ಊರಂಚಿಗೆ ಬಂದಿದೆ. ಹೊರ ಊರುಗಳಿಂದ ಬಂದ ಕೂಲಿಗಳು ಒಲೆಯ ಬಾಯಲ್ಲಿ, ಅಡಿಕೆ ಬೇಯುವ ಚೊಗರಿನ ಹಬೆಯಲ್ಲಿ ನಿಂತು ದುಡಿಯುತ್ತಾರೆ. ಮುಗಿದ ಮೇಲೆ ಹಣ್ಣಿನ ತೂಕದ ಅರ್ಧಕ್ಕಿಂತ ಹೆಚ್ಚಾದ ಸಿಪ್ಪೆ ರಸ್ತೆಯ ಬದಿಗೆ ಬೀಳುತ್ತದೆ, ಒಣಗಿದ ಮೇಲೆ ಯಾರೋ ಬೆಂಕಿ ಇಡುತ್ತಾರೆ. ಶಿವಮೊಗ್ಗ, ಭದ್ರಾವತಿ, ಚನ್ನಗಿರಿ ಸುತ್ತಿನ ರಸ್ತೆಗಳಲ್ಲಿ ಚಳಿಗಾಲದ ಸಂಜೆ ಗಾಡಿ ಓಡಿಸಿದವರಿಗೆ ಆ ದಟ್ಟ, ಕಣ್ಣುರಿಯುವ ಹೊಗೆಯನ್ನು ವಿವರಿಸಬೇಕಿಲ್ಲ.

ಬಚ್ಚಲ ಒಲೆ ಲಕ್ಷಾಂತರ ಮನೆಗಳ ಖಾಸಗಿ ಸಂಗತಿ, ಬದಲಾಗಲು ಕಾಲ ಬೇಕು. ದೊಡ್ಡ ಚೇಣಿ ಕಣಗಳು ಎಣಿಸಿ ಪಟ್ಟಿ ಮಾಡಬಹುದಾದಷ್ಟೇ ಇವೆ, ಅವು ವ್ಯಾಪಾರದ ಜಾಗಗಳು. ಅಲ್ಲಿ ಎತ್ತರದ ಹೊಗೆ ಕೊಳವೆ ಇರಬೇಕು, ಶಾಲೆ ಅಂಗನವಾಡಿಗಳಿಂದ ದೂರ ಇರಬೇಕು, ಸಿಪ್ಪೆಯನ್ನು ಗೊಬ್ಬರ ಮಾಡಬೇಕು ಅಥವಾ ಒಣಗಿಸಿ ಮುಚ್ಚಿದ ಒಲೆಯಲ್ಲೇ ಇಂಧನವಾಗಿ ಬಳಸಬೇಕು ಎಂಬ ಷರತ್ತುಗಳನ್ನು ಗ್ರಾಮ ಪಂಚಾಯಿತಿ ತನ್ನ ಪರವಾನಗಿಯಲ್ಲಿ ಬರೆಯಬಹುದು. ಸಣ್ಣ ಬೆಳೆಗಾರರಿಗಾಗಿ ಸಾಮೂಹಿಕ ಬೇಯಿಸುವ ಘಟಕ ಕಟ್ಟಲು, 1939ರಿಂದ ಅಡಿಕೆ ಮಾರಾಟದಲ್ಲಿರುವ ಮಾಮ್ಕೋಸ್‌ನಂಥ ಸಹಕಾರ ಸಂಘಗಳಿಗೆ ಜನರ ನಂಬಿಕೆಯೂ ಇದೆ, ಲೆಕ್ಕ ಇಡುವ ಅನುಭವವೂ ಇದೆ. ಖರ್ಚಿನ ಮಾತು ಬಂದೇ ಬರುತ್ತದೆ. ರಾಶಿ ದರ್ಜೆಯ ಅಡಿಕೆಯ ಧಾರಣೆ ಕ್ವಿಂಟಲಿಗೆ ಅರ್ಧ ಲಕ್ಷದ ಆಸುಪಾಸಿನಲ್ಲಿರುವಾಗ ಒಂದು ಹೊಗೆ ಕೊಳವೆಯ ಖರ್ಚು ಹೊರಲಾಗದು ಎಂದು ಚೇಣಿದಾರರು ಹೇಳಿದರೆ, ಅವರ ವಹಿವಾಟಿನ ಲೆಕ್ಕವನ್ನೂ ಪಂಚಾಯಿತಿ ಒಮ್ಮೆ ಕೇಳಿ ನೋಡಬಹುದು.